ಗಾಗಲ್ಸ್ ಹಣೆಗಲ್ಲ ಮಾರಾಯ್ರೆ, ಕಣ್ಣಿಗೆ

ಚಳಿಗಾಲ ಪೂರ್ತಿ ಶನಿವಾರ ಭಾನುವಾರ ನಾನು ಕ್ಯಾಲಿಫೋರ್ನಿಯಾದ ಲೇಕ್ ಟಾಹೋ ಕಡೆ ಸ್ನೋಬೋರ್ಡ್ ಕಲಿಸ್ತೀನಿ, ಅಂದ್ರೆ ಒಂದೇ ಹಲಗೆಗೆ ಎರಡೂ ಕಾಲು ಕಟ್ಕೊಂಡು ಹಿಮದ ಮೇಲೆ ಜಾರೋದು. ಬರೋರಲ್ಲಿ ಹೆಚ್ಚಿನವರು ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಿಂದ ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಐ-80 ಹೆದ್ದಾರಿ ಹಿಡಿದು ಬರೋರು, ಅದರಲ್ಲಿ ನಮ್ಮ ಕನ್ನಡದವರು ಈಗೀಗ ತುಂಬಾ ಜನ. ಬೋರ್ಡ್ ಮೇಲೆ ನಿಲ್ಲೋದು, ಬೀಳೋದು, ಏಳೋದು ಎಲ್ಲಾ ಮಧ್ಯಾಹ್ನದೊಳಗೆ ಒಂದು ಹದಕ್ಕೆ ಬಂದೇ ಬರುತ್ತೆ. ಎಷ್ಟು ಹೇಳಿದ್ರೂ ಬರದೇ ಇರೋದು ಒಂದೇ, ಗಾಗಲ್ಸನ್ನ, ಅಂದ್ರೆ ಕಣ್ಣಿನ ಸುತ್ತ ಒತ್ತಿ ಕೂರೋ ಹಿಮದ ಕನ್ನಡಕಾನ, ಮುಖದ ಮೇಲೇ ಇಟ್ಕೊಳ್ಳೋದು. ಗುಡ್ಡದ ಮೇಲಕ್ಕೆ ಒಯ್ಯೋ ತೂಗುಕುರ್ಚಿ ಲಿಫ್ಟ್ ಹತ್ತೋವಾಗ ಹಣೆಗೆ, ಫೋಟೋಗೆ ಹಣೆಗೆ, ಬಿದ್ದಾಗ ಹಣೆಗೆ, ಫೋನ್ ಬಂದ್ರೆ ಹಣೆಗೆ. ಆಮೇಲೆ ಕಣ್ಣಿಗೆ ಇಳಿಸ್ತಾರೆ, ಎರಡು ನಿಮಿಷದಲ್ಲಿ ಒಳಗೆಲ್ಲಾ ಬೆಳ್ಳಗೆ, "ಅಕ್ಕಾ ಏನೂ ಕಾಣಿಸ್ತಿಲ್ಲ, ಈ ಗಾಗಲ್ಸ್ ಸರಿ ಇಲ್ಲ ಅನ್ಸುತ್ತೆ" ಅಂತಾರೆ.

ಗಾಗಲ್ಸ್ ಸರಿಯಾಗೇ ಇದೆ. ನೂರಕ್ಕೆ ನೂರು ಅಂತ ಹೇಳಲ್ಲ, ಕೆಟ್ಟ ಗಾಗಲ್ಸೂ ಇರುತ್ತೆ, ಅದನ್ನ ಕೊನೇಲಿ ಹೇಳ್ತೀನಿ. ಆದ್ರೆ ನಾನು ನೋಡಿರೋದ್ರಲ್ಲಿ ಬಹುಪಾಲು ಕೇಸುಗಳಲ್ಲಿ ತಪ್ಪು ಗಾಗಲ್ಸಿಂದಲ್ಲ.

ದಾವಣಗೆರೆ ಕಡೆ ಹುಡುಗ ಒಬ್ಬ, ಸನ್ನಿವೇಲಲ್ಲಿ ಕೆಲಸ, ಬೋರ್ಡ್ ಮೇಲೆ ಒಳ್ಳೆ ಬ್ಯಾಲೆನ್ಸ್. ಒಂದು ಸೀಸನ್ ಸಾಧಾರಣ ಗಾಗಲ್ಸ್ ತಂದ, ಫಾಗ್ ಆಯ್ತು, ಅಂದ್ರೆ ಒಳಗೆ ಮಂಜು ಕಟ್ತು, ಬಿಸಾಕಿದ. ಇನ್ನೂರು ಡಾಲರ್ ಕೊಟ್ಟು ಇನ್ನೊಂದು ತಂದ, ಅದೂ ಫಾಗ್ ಆಯ್ತು. ಮೂರನೇದಕ್ಕೆ ಯಾವ ಬ್ರ್ಯಾಂಡ್ ತಗೊಳ್ಳಲಿ ಅಂತ ನನ್ನನ್ನ ಕೇಳೋಕೆ ಬಂದಾಗಲೂ ಆ ಇನ್ನೂರು ಡಾಲರಿಂದು ಅವನ ಉಣ್ಣೆ ಟೋಪಿ ಮೇಲೆ ಕೂತಿತ್ತು, ಟೋಪಿಯಿಂದ ಹಬೆ ಏಳ್ತಿತ್ತು, ಕಣ್ಣಿಗೆ ಕಾಣೋ ಹಾಗೆ! ನಾನು ಅವನಿಗೆ ಅದನ್ನೇ ತೋರಿಸಿದೆ. ದುಡ್ಡು ಖರ್ಚು ಮಾಡ್ಬೇಡ ಪುಟ್ಟ, ಇವತ್ತು ಸಂಜೆವರೆಗೆ ಇದನ್ನ ಮುಖದಿಂದ ಮೇಲೆ ಎತ್ತಬೇಡ ಅಷ್ಟೇ, ಅಂದೆ.

ಇಷ್ಟು ಸುಲಭದ ಮಾತು ಯಾಕೆ ತಲೆಗೆ ಹೋಗಲ್ಲ ಅಂತ ನಾನೂ ಯೋಚನೆ ಮಾಡಿದ್ದೀನಿ. ನನಗೆ ಅನ್ಸೋದು, ಆ ನೀರು ಹೊರಗಿಂದ ಬರುತ್ತೆ ಅಂತ ಜನ ಅಂದ್ಕೊಂಡಿದ್ದಾರೆ. ಸುತ್ತ ಹಿಮ, ಚಳಿ, ಮಂಜು, ಅದೇ ಹೇಗೋ ಒಳಗೆ ನುಗ್ಗುತ್ತೆ ಅಂತ. ಹಾಗಲ್ಲ. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಬಸ್ಸಲ್ಲಿ ಇಳಿದಿದ್ದೀರಾ? ಹೊರಗೆ ಜಡಿಮಳೆ ಅಂತ ಕಿಟಕಿ ಎಲ್ಲಾ ಮುಚ್ಚಿರ್ತಾರೆ, ಒಳಗೆ ಒದ್ದೆ ಕೊಡೆ, ಒದ್ದೆ ಬಟ್ಟೆ, ಜನ ತುಂಬಿರ್ತಾರೆ, ಗಾಜೆಲ್ಲಾ ಬೆಳ್ಳಗಾಗುತ್ತೆ, ಡ್ರೈವರ್ ಬಟ್ಟೆ ತಗೊಂಡು ಒರೆಸ್ತಾನೆ, ಎರಡು ತಿರುವು ಕಳೆಯೋದ್ರೊಳಗೆ ಮತ್ತೆ ಬೆಳ್ಳಗೆ. ಆ ಗಾಜಿನ ಮೇಲಿನ ನೀರು ಮಳೇದಲ್ಲ, ಒಳಗೆ ಕೂತಿರೋ ಜನರದ್ದು. ಗಾಗಲ್ಸಲ್ಲೂ ಅಷ್ಟೇ, ನೀರು ನಿಮ್ಮದು. ನಿಮ್ಮ ಬೆವರು, ನಿಮ್ಮ ಉಸಿರು.

ಲೆಕ್ಕ ನೋಡಿ. 35 ಡಿಗ್ರಿ ಸೆಲ್ಸಿಯಸ್ ಬಿಸಿ ಗಾಳಿ ಒಂದು ಘನ ಮೀಟರಿಗೆ ಹತ್ತಿರ ಹತ್ತಿರ 40 ಗ್ರಾಂ ನೀರಿನ ಆವಿ ಹಿಡ್ಕೊಳ್ಳುತ್ತೆ. ಅದೇ ಗಾಳಿ 0 ಡಿಗ್ರಿಗೆ ಇಳಿದ್ರೆ ಹಿಡ್ಕೊಳ್ಳೋಕೆ ಆಗೋದು 5 ಗ್ರಾಂ ಅಷ್ಟೇ, ಮೈನಸ್ 10ಕ್ಕೆ ಹೋದ್ರೆ 2 ಗ್ರಾಂ ಚಿಲ್ಲರೆ. ಮಿಕ್ಕ ನೀರು ಎಲ್ಲಿಗೆ ಹೋಗ್ಬೇಕು? ತಣ್ಣಗಿರೋ ಲೆನ್ಸ್ ಮೇಲೆ ಕೂರುತ್ತೆ. ನಿಮ್ಮ ಬಾಯಿ ಮೂಗಿಂದ ಬರೋ ಗಾಳಿ ಹೆಚ್ಚುಕಮ್ಮಿ ಅಷ್ಟೇ ಬಿಸಿ, ಅಷ್ಟೇ ಒದ್ದೆ. ಅಂದ್ರೆ ಫಾಗ್ ತಡೆಯೋದು ಅಂದ್ರೆ ಎರಡೇ ಕೆಲಸ, ಒದ್ದೆ ಗಾಳಿ ಒಳಗೆ ಹೋಗದ ಹಾಗೆ ನೋಡ್ಕೊಳ್ಳೋದು, ಹೋಗಿದ್ದು ಬೇಗ ಹೊರಗೆ ಹೋಗೋ ಹಾಗೆ ದಾರಿ ಬಿಡೋದು.

ಆ ದಾರಿ ಯಾವುದು ಗೊತ್ತಾ, ಫ್ರೇಮಿನ ಮೇಲೆ ಕೆಳಗೆ ಇರೋ ತೂತುಗಳು, ಅದರ ಮೇಲೆ ಅಂಟಿಸಿರೋ ತೆಳ್ಳನೆ ಫೋಮ್. ಗಾಗಲ್ಸ್ ಹಣೆಗೆ ಏರಿಸಿದಾಗ ಏನಾಗುತ್ತೆ ಅನ್ನೋದು ಇಲ್ಲೇ ಇದೆ. ಬೋರ್ಡ್ ಹೊತ್ಕೊಂಡು ಗುಡ್ಡ ಹತ್ತಿ ಬಂದಿರ್ತೀರಿ, ಹಣೆ ತಲೆ ಎಲ್ಲಾ ಬೆವರು, ಟೋಪಿ ಒದ್ದೆ. ಆ ಬಿಸಿ ಒದ್ದೆ ಜಾಗದ ಮೇಲೆ ಗಾಗಲ್ಸ್ ಒತ್ತಿ ಕೂರಿಸ್ತೀರಿ. ಒಳಗಿನ ಫೋಮ್ ಬೆವರು ಹೀರುತ್ತೆ, ಒಳಗೆ ಆವಿ ತುಂಬುತ್ತೆ, ಹೊರಗಡೆ ಲೆನ್ಸಿಗೆ ಚಳಿ ಗಾಳಿ ಹೊಡೀತಿರುತ್ತೆ. ಹಿಮ ಬೀಳ್ತಿದ್ರೆ ಮುಖದ ಕಡೆಯಿಂದಲೂ ತೂತುಗಳ ಕಡೆಯಿಂದಲೂ ಒಂದಿಷ್ಟು ಒಳಗೆ ಸೇರಿ ಕರಗುತ್ತೆ. ಆಮೇಲೆ ಕಣ್ಣಿಗೆ ಇಳಿಸ್ಕೊಂಡ್ರಿ ಅಂದ್ರೆ ಆ ಒದ್ದೆ ಫೋಮನ್ನ ಕಣ್ಣಿನ ಸುತ್ತ ಕಟ್ಕೊಂಡ ಹಾಗಾಯ್ತು. ಒಣಗೋಕೆ ಜಾಗ ಇಲ್ಲ, ನಿಮ್ಮ ಮೈಬಿಸಿಗೆ ಅದರಿಂದ ಆವಿ ಏಳ್ತಾನೇ ಇರುತ್ತೆ, ಲೆನ್ಸಿಗೆ ಹೋಗಿ ಕೂರ್ತಾನೇ ಇರುತ್ತೆ. ತೂತಿನ ಫೋಮೂ ನೆನೆದು ಚಳಿಗೆ ಹೆಪ್ಪುಗಟ್ಟಿದ್ರೆ ಕಥೆ ಮುಗೀತು, ಗಾಳಿ ಆಡೋ ದಾರಿಯೇ ಬಂದ್. ಬೆಳಿಗ್ಗೆ ಒಂಬತ್ತಕ್ಕೆ ಒಂದು ಸೆಲ್ಫಿಗೆ ಅಂತ ಹಣೆಗೆ ಏರಿಸಿದ್ದು ಸಂಜೆ ನಾಲ್ಕರವರೆಗೂ ಕಾಡುತ್ತೆ. ಇದನ್ನೇ ನಾನು ಪ್ರತಿ ವಾರ ಹೇಳೋದು, ಕೇಳೋರು ಕಮ್ಮಿ.

ಹೆಲ್ಮೆಟ್ ಮೇಲೆ ಏರಿಸಿದ್ರೆ ಪರವಾಗಿಲ್ವಾ ಅಂತ ಕೇಳ್ತಾರೆ. ಹಣೆಗಿಂತ ವಾಸಿ, ಹಿಮ ಬೀಳದೇ ಇದ್ರೆ ಸ್ವಲ್ಪ ಹೊತ್ತಿಗೆ ನಡೆಯುತ್ತೆ. ಆದ್ರೆ ಹೆಲ್ಮೆಟ್ಟಿನ ಗಾಳಿ ತೂತುಗಳಿಂದ ತಲೆಯ ಬೆವರಿನ ಆವಿ ಅಲ್ಲೇ ಮೇಲೆ ಬರುತ್ತೆ, ಅದಕ್ಕೇ ನಾನು ಅದನ್ನೂ ಬೇಡ ಅಂತೀನಿ. ತೆಗೀಲೇಬೇಕು ಅಂದ್ರೆ ಪೂರ್ತಿ ತೆಗೆದು ಮೆತ್ತನೆ ಚೀಲಕ್ಕೆ ಹಾಕಿ ಜಾಕೆಟ್ಟಿನ ಹೊರಗಿನ ಜೇಬಲ್ಲಿ ಇಡಿ. ಒಳ ಜೇಬಲ್ಲಿ ಬೇಡ, ಅಲ್ಲೂ ಬೆವರೇ.

ಎರಡನೇ ತಪ್ಪು ಒರೆಸೋದು. ಫಾಗ್ ಆದ ತಕ್ಷಣ ಒದ್ದೆ ಗ್ಲೌಸಲ್ಲಿ ಒಳಗಿನ ಲೆನ್ಸನ್ನ ಗಸಗಸ ಉಜ್ಜೋದು, ನೋಡಿದ್ರೆ ನನಗೆ ಸಂಕಟ ಆಗುತ್ತೆ. ಒಳಗಿನ ಲೆನ್ಸ್ ಮೇಲೆ ಒಂದು ಲೇಪ ಇರುತ್ತೆ, ಅದು ನೀರನ್ನ ಸಣ್ಣ ಸಣ್ಣ ಹನಿಯಾಗೋಕೆ ಬಿಡದೆ ತೆಳ್ಳಗೆ ಹರಡಿಬಿಡುತ್ತೆ. ಬೆಳಕು ಚದುರಿ ಬೆಳ್ಳಗೆ ಕಾಣೋದು ಹನಿಗಳಿಂದ, ಹರಡಿದ ನೀರಿನ ಮೂಲಕ ಕಾಣುತ್ತೆ. ಆ ಲೇಪ ಒದ್ದೆಯಾದಾಗ ಮೆತ್ತಗಿರುತ್ತೆ, ಉಜ್ಜಿದ್ರೆ ಕಿತ್ಕೊಂಡು ಬರುತ್ತೆ, ಒಂದ್ಸಲ ಹೋದ್ರೆ ಆ ಜಾಗದಲ್ಲಿ ಪ್ರತಿ ಸಲ ಫಾಗ್ ಆಗುತ್ತೆ. ಪಾತ್ರೆ ಸೋಪು, ಎಂಜಲು, ಟೂತ್‌ಪೇಸ್ಟ್ ಅಂತೆಲ್ಲಾ ವಾಟ್ಸಾಪಲ್ಲಿ ಬರುತ್ತೆ, ದಯವಿಟ್ಟು ಒಳ ಲೆನ್ಸಿಗೆ ಹಚ್ಚಬೇಡಿ. ಫಾಗ್ ತಡೆಯೋ ಸ್ಪ್ರೇ ಕೂಡ ನಿಮ್ಮ ಗಾಗಲ್ಸ್ ಕಂಪನಿ ಆಗಬಹುದು ಅಂತ ಬರೆದಿದ್ರೆ ಮಾತ್ರ, ಒಬ್ಬೊಬ್ಬರ ಲೇಪ ಒಂದೊಂದು ಥರ.

ಹಾಗಾದ್ರೆ ಫಾಗ್ ಆಗೇ ಹೋದ್ರೆ? ಇಳಿಜಾರಿನ ಪಕ್ಕಕ್ಕೆ, ಮೇಲಿಂದ ಬರೋರಿಗೆ ಕಾಣೋ ಜಾಗದಲ್ಲಿ ನಿಂತ್ಕೊಳ್ಳಿ. ಗಾಗಲ್ಸನ್ನ ಮುಖದಿಂದ ಒಂದಿಂಚು ಮುಂದಕ್ಕೆ ಎಳೆದು ಹಿಡೀರಿ, ಮೇಲಕ್ಕಲ್ಲ, ಮುಂದಕ್ಕೆ. ಗಾಳಿ ಆಡಲಿ. ತೂತಿನಲ್ಲಿ ಹಿಮ ಕೂತಿದ್ರೆ ಮೆಲ್ಲಗೆ ತಟ್ಟಿ ಉದುರಿಸಿ, ಬೆರಳಲ್ಲಿ ಒತ್ತಬೇಡಿ, ಒತ್ತಿದ್ರೆ ಫೋಮೊಳಗೆ ಸೇರುತ್ತೆ. ಅಷ್ಟಕ್ಕೂ ಹೋಗ್ಲಿಲ್ಲ ಅಂದ್ರೆ ಕೆಳಗೆ ಲಾಡ್ಜಿಗೆ ಬಂದು, ಗಾಗಲ್ಸ್ ಜೊತೆ ಬಂದಿರೋ ಮೈಕ್ರೋಫೈಬರ್ ಬಟ್ಟೆಯಿಂದ ನೀರನ್ನ ಒತ್ತಿ ತೆಗೀರಿ, ಉಜ್ಜದೇ. ಆಮೇಲೆ ಟೇಬಲ್ ಮೇಲೆ ಸುಮ್ನೆ ಒಣಗೋಕೆ ಬಿಡಿ. ಬೆಂಕಿಗೂಡಿನ ಪಕ್ಕ, ರೆಸ್ಟ್‌ರೂಮಿನ ಹ್ಯಾಂಡ್ ಡ್ರೈಯರ್ ಕೆಳಗೆ, ಕಾರಿನ ಹೀಟರ್ ಮುಂದೆ ಹಿಡಿದ್ರೆ ಬೇಗ ಒಣಗುತ್ತೆ ನಿಜ, ಆದ್ರೆ ಆ ಬಿಸಿಗೆ ಎರಡು ಲೆನ್ಸ್ ನಡುವಿನ ಅಂಟು ಬಿಡಬಹುದು, ಲೇಪಾನೂ ಹಾಳಾಗಬಹುದು.

ಎರಡು ಲೆನ್ಸ್ ಅಂದೆನಲ್ಲ, ಅದರ ಹಿಂದೆ ಒಂದು ಒಳ್ಳೆ ಕಥೆ ಇದೆ. 1960ರಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದಿದ್ದು ನಮ್ಮ ಟಾಹೋ ಪಕ್ಕದ ಕಣಿವೆಯಲ್ಲೇ, ಈಗ ಪ್ಯಾಲಿಸೇಡ್ಸ್ ಟಾಹೋ ಅಂತಾರಲ್ಲ ಅಲ್ಲಿ. ಅದಾಗಿ ಕೆಲವೇ ವರ್ಷಕ್ಕೆ, 1965ರ ಹೊತ್ತಿಗೆ, ಬಾಬ್ ಸ್ಮಿತ್ ಅನ್ನೋ ಹಲ್ಲು ಸರಿ ಮಾಡೋ ಡಾಕ್ಟರು, ಹೊಸ ಹಿಮದಲ್ಲಿ ಸ್ಕೀ ಮಾಡೋ ಹುಚ್ಚಿದ್ದ ಮನುಷ್ಯ, ಎರಡು ಲೆನ್ಸನ್ನ ನಡುವೆ ಗಾಳಿ ಬಿಟ್ಟು ಅಂಟಿಸಿ, ಉಸಿರಾಡೋ ಫೋಮ್ ಹಾಕಿ ಗಾಗಲ್ಸ್ ಮಾಡಿದ್ರು. ಸ್ಮಿತ್ ಕಂಪನಿ ಹುಟ್ಟಿದ್ದು ಹಾಗೆ. ನಡುವಿನ ಗಾಳಿ ಹೊರಗಿನ ಚಳಿಯನ್ನ ತಡೆಯುತ್ತೆ, ಒಳ ಲೆನ್ಸ್ ಅಷ್ಟು ತಣ್ಣಗಾಗಲ್ಲ, ಅದಕ್ಕೇ ಆವಿ ಬೇಗ ಕೂರಲ್ಲ. ಬಾಡಿಗೆಗೆ ತಗೊಳ್ಳೋವಾಗ, ಇಲ್ಲೇ ಆಗಲಿ ಗುಲ್‌ಮಾರ್ಗಲ್ಲೇ ಆಗಲಿ, ಲೆನ್ಸ್ ಎರಡಿದೆಯಾ ಅಂತ ಅಂಚಿನಿಂದ ನೋಡಿ. ಒಂದೇ ಇದ್ರೆ ಬೇರೆ ಕೇಳಿ.

ಸ್ನೋಬೋರ್ಡಿನೋರಿಗೆ ಮಾತ್ರ ಅನ್ನೋ ಹಾಗೆ ಒಂದು ತೊಂದರೆ ಇದೆ. ಲಿಫ್ಟಿಂದ ಇಳಿದು, ಒಂದು ಕಾಲಲ್ಲಿ ತಳ್ಕೊಂಡು ಬಂದು, ಏದುಸಿರು ಬಿಡ್ತಾ ಹಿಮದ ಮೇಲೆ ಕೂತು, ಬಗ್ಗಿ ಬೈಂಡಿಂಗ್, ಅಂದ್ರೆ ಬೂಟನ್ನ ಬೋರ್ಡಿಗೆ ಬಿಗಿಯೋ ಪಟ್ಟಿ, ಕಟ್ಕೊಳ್ತೀರಿ. ಬಗ್ಗಿದಾಗ ಬಿಸಿ ಉಸಿರೆಲ್ಲಾ ನೇರ ಗಾಗಲ್ಸಿನ ಕೆಳಗಿನ ತೂತಿಗೆ. ಗಾಳಿಯೂ ಆಡ್ತಿರಲ್ಲ, ಕೂತೇ ಇರ್ತೀರಿ. ಹೊಸಬರಂತೂ ಬಿದ್ದು ಎದ್ದು ಮತ್ತೆ ಕೂತು ಅರ್ಧ ದಿನ ಹಿಮದ ಮೇಲೇ ಇರ್ತಾರೆ. ಕೂತಾಗ ಮೊದಲು ಒಂದು ನಿಮಿಷ ನೆಟ್ಟಗೆ ಕೂತು ಉಸಿರು ಸುಧಾರಿಸ್ಕೊಳ್ಳಿ, ಆಮೇಲೆ ಬಗ್ಗಿ. ಬಾಯಿಂದ, ಕೆಳಕ್ಕೆ ಊದಿ. ಕಟ್ಟಿ ಆದ ಮೇಲೆ ಹರಟೆ ಹೊಡೀತಾ ಕೂರಬೇಡಿ, ಎದ್ದು ನಿಧಾನಕ್ಕೆ ಜಾರೋಕೆ ಶುರು ಮಾಡಿ, ಮುಂದಿನ ಗಾಳಿಯೇ ಒಳಗನ್ನ ಒಣಗಿಸುತ್ತೆ. ಕುತ್ತಿಗೆಗೆ ಹಾಕೋ ಬಫ್ ಅನ್ನ ಮೂಗಿನ ಮೇಲೆ ಎಳೆದು ಗಾಗಲ್ಸಿನ ಕೆಳಗೆ ಸಿಗಿಸ್ತಾರಲ್ಲ, ಅದನ್ನ ಬಿಡಿ, ಅದು ಉಸಿರನ್ನ ನಲ್ಲಿ ಹಾಕಿ ಒಳಗೆ ಬಿಟ್ಟ ಹಾಗೇ ಸರಿ. ಮೂಗಿನ ಕೆಳಗೆ ಇರಲಿ. ತುಂಬಾ ಚಳಿ ಗಾಳಿ ಇದ್ದು ಮೂಗು ಮುಚ್ಚಲೇಬೇಕು ಅಂದ್ರೆ ಬಫ್ ಗಾಗಲ್ಸಿನ ಫ್ರೇಮಿನ ಹೊರಗೇ ನಿಲ್ಲಲಿ, ಒಳಗೆ ಸೇರಬಾರದು.

ಬಟ್ಟೆ ವಿಷಯಕ್ಕೆ ನಮ್ಮೋರಿಗೆ ಚಳಿ ಅಂದ್ರೆ ಭಯ ಜಾಸ್ತಿ. ಥರ್ಮಲ್, ಅದರ ಮೇಲೆ ಕಾಟನ್ ಟೀ ಶರ್ಟ್, ಸ್ವೆಟರ್, ಡೌನ್ ಜಾಕೆಟ್, ಅದರ ಮೇಲೆ ಸ್ನೋ ಜಾಕೆಟ್. ಟಾಹೋದಲ್ಲಿ ಎಷ್ಟೋ ದಿನ 0 ಡಿಗ್ರಿ ಆಸುಪಾಸೇ ಇರುತ್ತೆ, ಹಿಮಾನೂ ಒದ್ದೆ ಒದ್ದೆ, ಇಲ್ಲಿನೋರು ಅದನ್ನ ಸಿಯೆರಾ ಸಿಮೆಂಟ್ ಅಂತಲೇ ಕರೀತಾರೆ. ಒಣ ಚಳಿಗಿಂತ ಇಂಥ ಹವೆಯಲ್ಲೇ ಫಾಗ್ ಕಾಟ ಹೆಚ್ಚು. ಅಷ್ಟು ಬಟ್ಟೆ ಹಾಕಿ ಹತ್ತು ಸಲ ಬಿದ್ದು ಎದ್ರೆ ಮೈಯೆಲ್ಲಾ ಬೆವರು, ಆ ಬಿಸಿ ಆವಿ ಕಾಲರಿಂದ ಮೇಲೆದ್ದು ಮುಖಕ್ಕೇ ಬರುತ್ತೆ. ಬೆಳಿಗ್ಗೆ ನಿಂತಾಗ ಸ್ವಲ್ಪ ಚಳಿ ಅನ್ನಿಸೋ ಹಾಗೇ ಬಟ್ಟೆ ಹಾಕಿ, ಕಂಕುಳ ಕೆಳಗಿನ ಜಿಪ್ ತೆಗೆದಿಡಿ. ಹೆಲ್ಮೆಟ್ ತೀರಾ ಕೆಳಗೆ ಬಂದು ಗಾಗಲ್ಸಿನ ಮೇಲಿನ ತೂತುಗಳನ್ನ ಅದುಮ್ತಿದೆಯಾ ಅಂತಲೂ ಒಮ್ಮೆ ಕನ್ನಡಿ ನೋಡ್ಕೊಳ್ಳಿ.

ಮಗಳ ಮನೆಗೆ ಅಂತ ಹಾಸನದಿಂದ ಬಂದಿದ್ದ ಒಬ್ಬರು ಅಮ್ಮ, ಐವತ್ತು ದಾಟಿದೋರು, ನಾನೂ ಕಲೀತೀನಿ ಅಂತ ಹಟ ಹಿಡಿದು ಬಂದಿದ್ರು. ಅವರಿಗೂ ಮಗಳಿಗೂ ಅಳಿಯನಿಗೂ ಒಂದೇ ಮಾತು ಹೇಳಿದ್ದೆ. ಮಗಳು ಅಳಿಯ ಹನ್ನೊಂದು ಗಂಟೆಗೇ ಏನೂ ಕಾಣದೆ ಗಾಗಲ್ಸ್ ಬಿಚ್ಚಿಟ್ಟು ಬರಿಗಣ್ಣಲ್ಲಿ ನಿಂತಿದ್ರು. ಆ ಅಮ್ಮ ಮಾತ್ರ ಊಟದವರೆಗೂ ತೆಗೀಲಿಲ್ಲ, ಲಿಫ್ಟಲ್ಲೂ ಇಲ್ಲ, ಫೋಟೋಗೂ ಇಲ್ಲ. "ನೀನು ತೆಗೀಬೇಡಿ ಅಂದ್ಯಲ್ಲಮ್ಮಾ, ಅದಕ್ಕೇ ಹಾಗೇ ಇದ್ದೆ, ಎಲ್ಲಾ ಚೆನ್ನಾಗೇ ಕಾಣ್ತಿದೆ" ಅಂದ್ರು. ಅವರಿಗೆ ಆವಿ ಲೆಕ್ಕ ಯಾವುದೂ ನಾನು ಹೇಳಿರಲಿಲ್ಲ. ಮಧ್ಯಾಹ್ನ ಡಬ್ಬಿಯಿಂದ ಚಪಾತಿ, ಶೇಂಗಾ ಚಟ್ನಿಪುಡಿ ತೆಗೆದು ನನಗೂ ಕೊಟ್ರು, ಆ ರುಚಿ ಈಗಲೂ ನೆನಪಿದೆ.

ಬರಿಗಣ್ಣಲ್ಲಿ ನಿಂತಿದ್ರು ಅಂದೆನಲ್ಲ, ನನಗೆ ನಿಜವಾಗಿ ಭಯ ಇರೋದು ಅದರ ಬಗ್ಗೆ. ಕಾಣದೆ ಯಾರಿಗಾದ್ರೂ ಗುದ್ದೋದು ಒಂದು. ಇನ್ನೊಂದು, ಹೊಸ ಹಿಮ ಬಿಸಿಲಿನ ಅಲ್ಟ್ರಾವಯಲೆಟ್ ಕಿರಣಗಳಲ್ಲಿ ನೂರಕ್ಕೆ 80ರವರೆಗೂ ವಾಪಸ್ ಎಸೆಯುತ್ತೆ, ಎತ್ತರ ಪ್ರತಿ 1000 ಮೀಟರ್ ಏರಿದ ಹಾಗೆ ಆ ಕಿರಣ ನೂರಕ್ಕೆ ಹತ್ತರಷ್ಟು ಹೆಚ್ಚುತ್ತೆ, ಮೋಡ ಇದ್ರೂ ಪೂರ್ತಿ ತಪ್ಪಲ್ಲ. ಕಣ್ಣಿನ ಮೇಲ್ಪದರ ಸುಟ್ಟ ಹಾಗಾಗಿ, ಗಂಟೆಗಟ್ಟಲೆ ಕಳೆದ ಮೇಲೆ ರಾತ್ರಿ ಮರಳು ಹಾಕಿದ ಹಾಗೆ ಉರಿ ಶುರುವಾಗುತ್ತೆ. ನಾನು ಕಣ್ಣಿನ ಡಾಕ್ಟರಲ್ಲ, ಹಾಗೆ ಆದ್ರೆ ಉಜ್ಜದೆ ಡಾಕ್ಟರ ಹತ್ರ ಹೋಗಿ ಅಂತ ಮಾತ್ರ ಹೇಳಬಲ್ಲೆ.

ಕನ್ನಡಕದೋರ ಕಷ್ಟ ಬೇರೆ, ಅವರನ್ನ ನಾನು ಬೈಯ್ಯಲ್ಲ. ಕನ್ನಡಕದ ಮೇಲೆ ಹಾಕೋಕೆ ಅಂತಲೇ ದೊಡ್ಡ ಫ್ರೇಮಿನ ಗಾಗಲ್ಸ್ ಬರುತ್ತೆ, ಓಟಿಜಿ ಅಂತ ಕೇಳಿ. ಆದ್ರೂ ಒಳಗಿನ ಕನ್ನಡಕ ಫಾಗ್ ಆಗುತ್ತೆ, ಅದಕ್ಕೆ ಕನ್ನಡಕದಂಗಡಿಯಲ್ಲಿ ಸಿಗೋ ಆ್ಯಂಟಿ-ಫಾಗ್ ವೈಪ್ ಕನ್ನಡಕಕ್ಕೆ ಮಾತ್ರ ಹಚ್ಚಿ. ಕಾಂಟ್ಯಾಕ್ಟ್ ಲೆನ್ಸ್ ಎಲ್ಲಕ್ಕಿಂತ ಸಲೀಸು, ಆದ್ರೆ ಮೊದಲ ಸಲ ಹಾಕೋದು ಬೆಟ್ಟದ ಮೇಲೆ ಆಗೋದು ಬೇಡ, ವಾರಗಟ್ಟಲೆ ಮುಂಚೆ ಡಾಕ್ಟರ ಹತ್ರ ಕೇಳಿ ಅಭ್ಯಾಸ ಮಾಡ್ಕೊಳ್ಳಿ. ಒಳಗೆ ಪುಟ್ಟ ಫ್ಯಾನ್ ಇರೋ ಗಾಗಲ್ಸೂ ಬರುತ್ತೆ, ದುಬಾರಿ.

ರಾತ್ರಿ ರೂಮಿಗೆ ಬಂದ ಮೇಲೆ ಗಾಗಲ್ಸನ್ನ ಒದ್ದೆ ಗ್ಲೌಸ್ ಜೊತೆ ಬ್ಯಾಗಲ್ಲೇ ಬಿಡಬೇಡಿ, ಕಾರಲ್ಲೂ ಬಿಡಬೇಡಿ. ಹೊರಗೆ ತೆಗೆದು ಫೋಮ್ ಮೇಲ್ಮುಖ ಮಾಡಿ ಇಡಿ, ಬೆಳಿಗ್ಗೆ ಹೊತ್ತಿಗೆ ಪೂರ್ತಿ ಒಣಗಿರಬೇಕು. ಎರಡು ದಿನದ ಟ್ರಿಪ್ಪಲ್ಲಿ ಎರಡನೇ ದಿನ ಬೆಳಿಗ್ಗೆನೇ ಫಾಗ್ ಆಗ್ತಿದೆ ಅಂತ ಬರೋರೆಲ್ಲಾ ಇದನ್ನ ಮಾಡಿರಲ್ಲ.

ಇನ್ನು ನಿಜವಾಗಿ ಕೆಟ್ಟ ಗಾಗಲ್ಸ್. ಬೆರಳಿಗೆ ಸಿಗದ ಹಾಗೆ ಎರಡು ಲೆನ್ಸ್ ನಡುವೆ ಮಂಜು ಕಟ್ಟಿದ್ರೆ ಅಂಚಿನ ಅಂಟು ಬಿಟ್ಟಿದೆ ಅಂತ ಅರ್ಥ. ಅದಕ್ಕೆ ಒರೆಸೋದೂ ಇಲ್ಲ, ಒಣಗಿಸೋದೂ ಇಲ್ಲ, ಬಿಚ್ಚೋಕೆ ಹೋಗ್ಬೇಡಿ. ವಾರಂಟಿ ಇದ್ರೆ ಕಂಪನಿಗೆ ಬರೀರಿ, ಇಲ್ಲಾಂದ್ರೆ ಲೆನ್ಸ್ ಒಂದೇ ಸಿಗುತ್ತಾ ನೋಡಿ, ಎಷ್ಟೋ ಗಾಗಲ್ಸಿಗೆ ಬರೀ ಲೆನ್ಸ್ ಬದಲಾಯಿಸಬಹುದು, ಫ್ರೇಮಿಗೂ ಸೇರಿಸಿ ದುಡ್ಡು ಕೊಡಬೇಕಾಗಿಲ್ಲ.