ಗರ್ಭಧಾರಣೆಗೆ ಮೊದಲಿನ ಆರೋಗ್ಯದ ಅರಿವನ್ನು ಅಳೆಯುವುದು: ‘ಗೊತ್ತಿಲ್ಲ’ ಎಂದವರಿಗೆ ಎಷ್ಟು ಅಂಕ?

ಗರ್ಭ ಧರಿಸುವ ಮೊದಲೇ ತಿಳಿದಿರಬೇಕಾದ ಆರೋಗ್ಯದ ಸಂಗತಿಗಳು ಜನರಿಗೆ ಎಷ್ಟು ಗೊತ್ತು ಎಂದು ಪ್ರಶ್ನಾವಳಿಯಿಂದ ಅಳೆಯುವ ಅಧ್ಯಾಯ ಇದು. ಇದರ ಅರ್ಧ ಭಾಗ ಬರೀ ಕಂಠಪಾಠ, ಅದನ್ನು ನೀವೇ ಮುಗಿಸಿಕೊಳ್ಳಿ. ತಲೆ ತಿನ್ನುವುದು ಅಂಕ ಕೊಡುವ ಭಾಗ. ಟಿಪ್ಪಣಿಯ ಹೆಚ್ಚಿನ ಜಾಗವನ್ನು ಅದೇ ನುಂಗಿದೆ.

ಏನನ್ನು ಕೇಳಬೇಕು

ಫೋಲಿಕ್ ಆಮ್ಲ, ರುಬೆಲ್ಲಾ ಲಸಿಕೆ, ತಂಬಾಕು, ಮದ್ಯ, ಮಧುಮೇಹದ ಹತೋಟಿ, ಈಗಾಗಲೇ ಸೇವಿಸುತ್ತಿರುವ ಔಷಧಿಗಳು, ತೂಕ, ಆನುವಂಶಿಕ ಕಾಯಿಲೆಗಳು. ಗಂಡಸರನ್ನೂ ಕೇಳಬೇಕು: ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು, ಅಂದರೆ ‘ಮೊದಲು’ ಎನ್ನುವುದು ಅವರಿಗೂ ಅನ್ವಯಿಸುತ್ತದೆ.

‘ಗರ್ಭಿಣಿಗೆ ಫೋಲಿಕ್ ಆಮ್ಲ ಒಳ್ಳೆಯದೇ?’ ಎಂಬ ಪ್ರಶ್ನೆ ಇಲ್ಲಿ ಕೆಲಸಕ್ಕೆ ಬಾರದು. ಫೋಲಿಕ್ ಆಮ್ಲ ಬೇಕಿರುವುದು ಭ್ರೂಣದ ನರನಾಳ, ಅಂದರೆ ಮುಂದೆ ಮೆದುಳು ಮತ್ತು ಬೆನ್ನುಹುರಿಯಾಗುವ ಭಾಗ, ಸರಿಯಾಗಿ ಮುಚ್ಚಿಕೊಳ್ಳಲು. ಅದು ಗರ್ಭಧಾರಣೆಯಾದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ನಾಲ್ಕು ವಾರಗಳ ಋತುಚಕ್ರವಿರುವವರಿಗೆ ಆ ಹೊತ್ತಿಗೆ ಮುಟ್ಟು ತಪ್ಪಿ ಎರಡು ವಾರವಾಗಿರುತ್ತದೆ, ಅಷ್ಟೇ. ದಿನಕ್ಕೆ 400 ಮೈಕ್ರೋಗ್ರಾಂನಂತೆ ಕನಿಷ್ಠ ಒಂದು ತಿಂಗಳು ಮೊದಲೇ ಆರಂಭಿಸಿ ಎಂದು ಹೇಳುವುದು ಅದಕ್ಕೇ. ಹಾಗಾಗಿ ‘ಯಾವಾಗಿನಿಂದ?’ ಎಂದೇ ಕೇಳಬೇಕು.

‘ಮೊದಲೇ ವೈದ್ಯರನ್ನು ಕಾಣುವುದು ಮುಖ್ಯ ಎನಿಸುತ್ತದೆಯೇ?’ ಎನ್ನುವುದು ಮನೋಭಾವದ ಪ್ರಶ್ನೆ. ಅದನ್ನು ಅರಿವಿನ ಅಂಕಕ್ಕೆ ಕೂಡಿಸಬೇಡಿ.

ತಜ್ಞರ ಪರಿಶೀಲನೆ ಸುಲಭ. ಪ್ರತಿ ಪ್ರಶ್ನೆ ಎಷ್ಟು ಪ್ರಸ್ತುತ ಎಂದು ಅವರು 1ರಿಂದ 4ರವರೆಗೆ ಅಂಕ ಕೊಡುತ್ತಾರೆ. 3 ಅಥವಾ 4 ಕೊಟ್ಟವರ ಪ್ರಮಾಣವೇ ವಿಷಯ ಸಪ್ರಮಾಣತೆಯ (ಪ್ರಶ್ನೆ ಅಳೆಯಬೇಕಾದ ವಿಷಯಕ್ಕೆ ಎಷ್ಟು ತಕ್ಕುದು ಎಂಬುದರ) ಸೂಚ್ಯಂಕ. ಆರರಿಂದ ಹತ್ತು ತಜ್ಞರಿದ್ದರೆ ಅದು 0.78ಕ್ಕಿಂತ ಕೆಳಗಿಳಿಯಬಾರದು.

‘ಗೊತ್ತಿಲ್ಲ’ದ ಲೆಕ್ಕ

ಸರಿ, ತಪ್ಪು, ಗೊತ್ತಿಲ್ಲ ಎಂಬ ಮೂರು ಆಯ್ಕೆ ಕೊಟ್ಟು, ಸರಿ ಉತ್ತರಕ್ಕೆ ಒಂದು ಅಂಕ, ಉಳಿದೆರಡಕ್ಕೂ ಸೊನ್ನೆ ಕೊಡುವುದು ವಾಡಿಕೆ. ನೋಡಲು ಅಚ್ಚುಕಟ್ಟು. ಆದರೆ ಒಂದೇ ಪ್ರಶ್ನೆಯನ್ನು ತಲಾ 100 ಜನರ ಎರಡು ಗುಂಪುಗಳಿಗೆ ಕೇಳಿದೆವು ಎಂದುಕೊಳ್ಳಿ. ಮೊದಲ ಗುಂಪಿನಲ್ಲಿ 50 ಸರಿ, 10 ತಪ್ಪು, 40 ಗೊತ್ತಿಲ್ಲ. ಎರಡನೆಯದರಲ್ಲಿ 50 ಸರಿ, 45 ತಪ್ಪು, 5 ಗೊತ್ತಿಲ್ಲ. ಎರಡಕ್ಕೂ ಅಂಕ ಶೇ 50. ಎರಡೂ ಒಂದೇ ಎಂದು ಯಾರಾದರೂ ಒಪ್ಪುತ್ತಾರೆಯೇ?

ಇಲ್ಲಿ ಪುಸ್ತಕಗಳು ಊಹೆಯ ತಿದ್ದುಪಡಿಯನ್ನು ತರುತ್ತವೆ: ಸರಿ ಉತ್ತರಗಳಿಂದ, ತಪ್ಪು ಉತ್ತರಗಳನ್ನು ‘ಆಯ್ಕೆಗಳು ಕಳೆ ಒಂದು’ ಎಂಬುದರಿಂದ ಭಾಗಿಸಿ ಕಳೆಯಬೇಕು. ‘ಗೊತ್ತಿಲ್ಲ’ವನ್ನು ಆಯ್ಕೆಯಾಗಿ ಎಣಿಸುವಂತಿಲ್ಲ, ಹಾಗಾಗಿ ಭಾಜಕ 2 ಕಳೆ 1, ಅಂದರೆ ಒಂದೇ. ಮೊದಲ ಗುಂಪಿಗೆ 50 ಕಳೆ 10, ಅಂದರೆ 40. ಎರಡನೆಯದಕ್ಕೆ 50 ಕಳೆ 45, ಅಂದರೆ 5. ಶೇ 50 ಇದ್ದದ್ದು ಒಂದೇ ಏಟಿಗೆ 5ಕ್ಕೆ ಕುಸಿಯಿತು!

ಏಕೆ ಕಳೆಯುತ್ತೇವೆ ಎಂಬುದನ್ನು ಬಿಡಿಸಿ ನೋಡೋಣ. ಏನೂ ಗೊತ್ತಿಲ್ಲದೆ ಊಹಿಸಿದವರಲ್ಲಿ ಸರಾಸರಿ ಅರ್ಧ ಜನರದು ಸರಿಬೀಳುತ್ತದೆ, ಅರ್ಧ ಜನರದು ತಪ್ಪುತ್ತದೆ. ಹಾಗಾದರೆ ಕಣ್ಣಿಗೆ ಕಾಣುವ 45 ತಪ್ಪುಗಳ ಹಿಂದೆ, ಸರಿ ಉತ್ತರಗಳೊಳಗೆ ಅಡಗಿರುವ 45 ಅದೃಷ್ಟವಂತರಿದ್ದಾರೆ. ನಾವು ಕಳೆಯುತ್ತಿರುವುದು ತಪ್ಪು ಮಾಡಿದವರನ್ನಲ್ಲ, ಆ ಅದೃಷ್ಟವಂತರನ್ನು. ಇದು ಹೊಳೆಯುವವರೆಗೆ ಸೂತ್ರ ದಂಡ ವಿಧಿಸುವಂತೆ ಕಾಣುತ್ತದೆ.

ಆದರೆ ತಪ್ಪು ಹೇಳಿದವರೆಲ್ಲ ಕುರುಡಾಗಿ ಊಹಿಸಿದವರೇ ಎಂಬ ನಂಬಿಕೆಯ ಮೇಲೆ ಈ ಲೆಕ್ಕ ನಿಂತಿದೆ. ನಮ್ಮ ವಿಷಯದಲ್ಲಿ ಆ ನಂಬಿಕೆ ಉಳಿಯುವುದಿಲ್ಲ. ‘ಮುಟ್ಟು ನಿಂತ ಮೇಲೆ ಮಾತ್ರೆ ಶುರುಮಾಡಿದರೆ ಸಾಕು’ ಎನ್ನುವವರು ಊಹಿಸುತ್ತಿಲ್ಲ, ಖಚಿತವಾಗಿ ನಂಬಿದ್ದಾರೆ. ಅಂಥವರು 45 ಜನರಿದ್ದರೆ ಅವರಿಗೆ ಎದುರಾಗಿ ಅದೃಷ್ಟದಿಂದ ಸರಿಹೇಳಿದವರೇ ಇರುವುದಿಲ್ಲ. ಆಗ ಸೂತ್ರ ನಿಜವಾಗಿ ಬಲ್ಲವರನ್ನೇ ಕಳೆದುಬಿಡುತ್ತದೆ.

ನನಗೆ ಹಿಡಿಸಿದ ದಾರಿ: ತಿದ್ದುಪಡಿಯನ್ನು ಬಿಡಿ, ಮೂರೂ ಉತ್ತರಗಳ ಪ್ರಮಾಣವನ್ನು ಬೇರೆಬೇರೆಯಾಗಿಯೇ ಬರೆಯಿರಿ. ತಿಳಿಯದವರಿಗೆ ಮಾಹಿತಿ ಕೊಟ್ಟರೆ ಸಾಕು. ತಪ್ಪು ತಿಳಿದವರ ನಂಬಿಕೆಯನ್ನು ಮೊದಲು ಅಲುಗಿಸಬೇಕು. ಆಯ್ಕೆಗಳಲ್ಲೇ ತಪ್ಪು ನಂಬಿಕೆಗಳನ್ನು ಇಡುವುದು ಇನ್ನೂ ಒಳ್ಳೆಯದು: ‘ಕನಿಷ್ಠ ಒಂದು ತಿಂಗಳು ಮೊದಲು’, ‘ಮುಟ್ಟು ನಿಂತ ಮೇಲೆ’, ‘ನಾಲ್ಕನೆಯ ತಿಂಗಳಿನಿಂದ’, ‘ಗೊತ್ತಿಲ್ಲ’. ಯಾರು ಎಲ್ಲಿ ಎಡವಿದ್ದಾರೆ ಎಂಬುದು ಆಗ ತಾನಾಗಿ ಕಾಣುತ್ತದೆ. ಸರಿ-ತಪ್ಪು ಮಾದರಿಯನ್ನೇ ಬಳಸುವುದಾದರೆ ಎಲ್ಲ ಹೇಳಿಕೆಗಳೂ ಸರಿಯಾಗಿರಬಾರದು. ಎಲ್ಲದಕ್ಕೂ ತಲೆಯಾಡಿಸುವವರಿಗೆ ಪೂರ್ಣ ಅಂಕ ಸಿಕ್ಕಿಬಿಡುತ್ತದೆ.

ವಿಶ್ವಸನೀಯತೆ, ಚುಟುಕಾಗಿ

ಪ್ರಶ್ನೆಗಳೆಲ್ಲ ಒಟ್ಟಾಗಿ ಒಂದೇ ಅರಿವನ್ನು ಎಷ್ಟು ಸ್ಥಿರವಾಗಿ ಅಳೆಯುತ್ತವೆ ಎಂಬುದೇ ವಿಶ್ವಸನೀಯತೆ. ಸರಿ-ತಪ್ಪು ಅಂಕಗಳಿಗೆ ಅದನ್ನು ಲೆಕ್ಕ ಹಾಕುವುದು 1937ರ ಕುಡರ್-ರಿಚರ್ಡ್‌ಸನ್ ಸೂತ್ರ 20. ಅದರಲ್ಲಿ ಪ್ರತಿ ಪ್ರಶ್ನೆಯ ವೇರಿಯನ್ಸ್ (ಉತ್ತರಗಳು ಎಷ್ಟು ಚದುರಿವೆ ಎಂಬ ಅಳತೆ) ಎಂದರೆ ಸರಿ ಹೇಳಿದವರ ಪ್ರಮಾಣವನ್ನು ಉಳಿದವರ ಪ್ರಮಾಣದಿಂದ ಗುಣಿಸಿದ್ದು. ಶೇ 50 ಸರಿಯಾದರೆ 0.25, ಶೇ 95 ಸರಿಯಾದರೆ 0.0475. ಎಲ್ಲರಿಗೂ ಗೊತ್ತಿರುವ ‘ಗರ್ಭದಲ್ಲಿರುವ ಶಿಶುವಿಗೆ ಧೂಮಪಾನ ಹಾನಿಕರ’ದಂಥ ಪ್ರಶ್ನೆ ಬಲ್ಲವರನ್ನೂ ಅರಿಯದವರನ್ನೂ ಬೇರ್ಪಡಿಸುವುದಿಲ್ಲ, ಅದನ್ನು ತೆಗೆಯಿರಿ ಎಂದು ಅಂಕಿಅಂಶ ಹೇಳುತ್ತದೆ. ಜನರನ್ನು ಶ್ರೇಣಿಯಲ್ಲಿ ನಿಲ್ಲಿಸುವುದೇ ಗುರಿಯಾದರೆ ತೆಗೆಯಿರಿ. ಸಮುದಾಯಕ್ಕೆ ಏನು ಗೊತ್ತು, ಏನು ಗೊತ್ತಿಲ್ಲ ಎಂದು ತಿಳಿಯುವುದು ಗುರಿಯಾದರೆ ಉಳಿಸಿಕೊಳ್ಳಿ, ಏಕೆ ಉಳಿಸಿಕೊಂಡಿರಿ ಎಂಬುದನ್ನು ವರದಿಯಲ್ಲಿ ಒಂದು ಸಾಲು ಬರೆಯಿರಿ.