ನೋಟ್ಸ್ ಆ್ಯಪ್ ಯಾವುದು ಅಂತ ಆಮೇಲೆ ನೋಡೋಣ, ಹುಡುಕೋದು ಹೇಗೆ ಹೇಳಿ

ಬಳ್ಳಾರಿಯ ಜೀನ್ಸ್ ಘಟಕಗಳಿಗೆ, ಗಂಗಾವತಿ ಕಡೆಯ ರೈಸ್ ಮಿಲ್‌ಗಳಿಗೆ ಕಂಪ್ಯೂಟರ್ ಲೆಕ್ಕ ಹೊಂದಿಸಿಕೊಡೋದು ನನ್ನ ಕೆಲಸ. ಹೋದಲ್ಲೆಲ್ಲ ಕೇಳುತ್ತಾರೆ, "ಸರ್, ನೋಟ್ಸ್ ಬರೆಯಾಕ ಯಾವ ಆ್ಯಪ್ ಚಲೋ ಐತ್ರಿ?" ನಾನು ತಿರುಗಿ ಕೇಳುತ್ತೇನೆ: ಬರೆದಿಟ್ಟದ್ದನ್ನ ಆರು ತಿಂಗಳಾದ ಮೇಲೆ ಹೇಗೆ ಹುಡುಕ್ತೀರಿ?

ಒಂದು ಪದ ಟೈಪ್ ಮಾಡಿ ಹುಡುಕುವವರಿಗೆ ಗೂಗಲ್ ಕೀಪ್ ಸಾಕು. ಕಲಿಯೋದು ಏನೂ ಇಲ್ಲ. ಫೋಲ್ಡರ್ ಇಲ್ಲ, ಲೇಬಲ್ ಇದೆ. ನಮ್ಮವರ ತೊಂದರೆ ಬೇರೆ ಕಡೆ ಇದೆ. ಇವತ್ತು ಕನ್ನಡ ಅಕ್ಷರದಲ್ಲಿ ಬರೆಯುತ್ತಾರೆ, ನಾಳೆ ಅದೇ ಮಾತನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ, ಆಮೇಲೆ ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗೋದಿಲ್ಲ, ಆ್ಯಪ್ ಸರಿ ಇಲ್ಲ ಅಂತ ಬೈಯುತ್ತಾರೆ. ಕೈಬರಹದ ಚೀಟಿಯ ಫೋಟೋ ಹಾಕಿದರೂ ಅಷ್ಟೇ, ಕೆಳಗೆ ಪಾರ್ಟಿ ಹೆಸರು ಟೈಪ್ ಮಾಡಿಡಿ. ಎಷ್ಟು ದುಬಾರಿ ಆ್ಯಪ್ ತಂದರೂ ಈ ಅಭ್ಯಾಸ ಬದಲಾಗದಿದ್ದರೆ ಪ್ರಯೋಜನ ಇಲ್ಲ.

ಇನ್ನು ಯಾವ ಟೈಲರ್‌ಗೆ ಎಷ್ಟು ಪೀಸ್ ಕೊಟ್ಟೆವು, ಎಷ್ಟು ವಾಪಸ್ ಬಂತು, ವಾಷಿಂಗ್‌ಗೆ ಎಷ್ಟು ಹೋಯಿತು ಅನ್ನೋದು ನೋಟ್ಸೇ ಅಲ್ಲ, ಅದು ಪಟ್ಟಿ. ಗೂಗಲ್ ಶೀಟ್ಸ್‌ನಲ್ಲಿ ಹಾಕಿ. ಅದೇ ಪಟ್ಟಿಯನ್ನ ಒಮ್ಮೆ ಕ್ಯಾಲೆಂಡರ್ ಥರ, ಒಮ್ಮೆ ಆರ್ಡರ್ ಪ್ರಕಾರ, ಫೋಟೋ ಸಮೇತ ನೋಡಬೇಕು ಅಂದಾಗ ಮಾತ್ರ ನೋಷನ್ ಅನ್ನೋ ಆ್ಯಪ್ ಕಡೆ ಹೋಗಿ. ಅಲ್ಲಿ ಎಲ್ಲ ನಿಮಗೆ ಬೇಕಾದ ಹಾಗೆ ಕಟ್ಟಿಕೊಳ್ಳಬಹುದು. ಆದರೆ ಕಟ್ಟೋದು ಯಾರು? ಸಾಮಾನ್ಯವಾಗಿ ಮಾಲೀಕರ ಅಳಿಯನೋ ತಮ್ಮನ ಮಗನೋ ಚೆಂದ ಮಾಡಿಕೊಟ್ಟು ಬೆಂಗಳೂರಿಗೆ ಹೋಗುತ್ತಾನೆ, ಅಲ್ಲಿಂದಾಚೆ ಅದನ್ನ ಮುಟ್ಟೋರೇ ಇಲ್ಲ. ಇನ್ನೊಂದು, ನೋಷನ್‌ಗೆ ಆಫ್‌ಲೈನ್ ಸೌಲಭ್ಯ ಬಂದಿದ್ದೇ 2025ರ ಆಗಸ್ಟ್‌ನಲ್ಲಿ. ನೆಟ್ ಕೈಕೊಡುವ ಗೋದಾಮಿನಲ್ಲಿ ಕೂರುವವರು, ಬೇಕಾದ ಪುಟಗಳನ್ನ ಮೊದಲೇ ಇಳಿಸಿಟ್ಟುಕೊಳ್ಳಿ.

ಅಬ್ಸಿಡಿಯನ್ ಅನ್ನೋ ನೋಟ್ಸ್ ಆ್ಯಪ್ ನಾನು ವ್ಯಾಪಾರಸ್ಥರಿಗೆ ಹೇಳೋದೇ ಇಲ್ಲ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುವವರಿಗೆ ಹೇಳುತ್ತೇನೆ. ಓದಿದ ಒಂದು ಲೇಖನವನ್ನ ಇನ್ನೊಂದಕ್ಕೆ ಕೊಂಡಿ ಹಾಕಿ ಜೋಡಿಸಬಹುದು. ಬರೆದದ್ದೆಲ್ಲ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಸಾದಾ ಫೈಲ್ ಆಗಿ ಕೂತಿರುತ್ತದೆ, ನೋಟ್‌ಪ್ಯಾಡ್‌ನಲ್ಲೂ ತೆರೆಯುತ್ತದೆ. ಮೊಬೈಲ್‌ಗೂ ಬೇಕು ಅಂದರೆ ಅವರ ಸಿಂಕ್‌ಗೆ, ಅಂದರೆ ಎರಡೂ ಕಡೆ ಒಂದೇ ಥರ ಇಡುವ ಸೇವೆಗೆ, ದುಡ್ಡು ಕೊಡಬೇಕು, ಇಲ್ಲ ನೀವೇ ದಾರಿ ಮಾಡಿಕೊಳ್ಳಬೇಕು. ಪ್ಲಗಿನ್‌ಗಳ (ಆ್ಯಪ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯಗಳ) ಹುಚ್ಚು ಹಿಡಿದರೆ ಥೀಸಿಸ್ ಮುಂದೆ ಹೋಗೋದಿಲ್ಲ, ಅದು ಬೇರೆ ಮಾತು.

ಯಾವುದೇ ಆಗಲಿ, ಹೊರಗೆ ಬರೋ ಬಾಗಿಲು, ಅಂದರೆ ಬರೆದದ್ದನ್ನ ವಾಪಸ್ ತೆಗೆಯುವ ದಾರಿ, ಮೊದಲು ನೋಡಿ. ಎವರ್‌ನೋಟ್ ಅನ್ನೋ ನೋಟ್ಸ್ ಆ್ಯಪ್ 2023ರ ಡಿಸೆಂಬರ್‌ನಲ್ಲಿ ಉಚಿತ ಖಾತೆಗೆ 50 ನೋಟ್ಸ್ ಅಂತ ಮಿತಿ ಹಾಕಿತು; ನಿಮ್ಮ ಆ್ಯಪ್‌ನ ನಿಯಮವೂ ನಾಳೆ ಬದಲಾಗಬಹುದು. ಹಾಗಾಗಿ ಮೊದಲು ನಾಲ್ಕೈದು ನೋಟ್ಸ್ ಮಾತ್ರ ಬರೆಯಿರಿ. ಕೀಪ್ ಆದರೆ ಗೂಗಲ್ ಟೇಕ್‌ಔಟ್‌ನಿಂದ (ಗೂಗಲ್‌ನಲ್ಲಿರೋ ನಿಮ್ಮ ಮಾಹಿತಿ ಇಳಿಸಿಕೊಳ್ಳುವ ಸೌಲಭ್ಯ), ನೋಷನ್ ಆದರೆ ಎಕ್ಸ್‌ಪೋರ್ಟ್ ಒತ್ತಿ, ಅವನ್ನ ಹೊರಗೆ ತೆಗೆದು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ಕನ್ನಡ ಅಕ್ಷರ, ಫೋಟೋ ಎರಡೂ ಸರಿಯಾಗಿ ಬಂದಿದ್ದರೆ ಉಳಿದದ್ದನ್ನ ಹಾಕಲು ಶುರು ಮಾಡಿ.