ಸರಕು ಜಾಸ್ತಿ ಆಗಿದೆ ಅಂತಾರೆ, ಲೋಡೇ ಇಲ್ಲ ಅಂತಾರೆ: ಯಾವುದು ನಿಜ?

ಪ್ರಶ್ನೆ: ಹೈವೇಯಲ್ಲಿ ಲಾರಿಗಳ ಸಾಲು ನೋಡಿದರೆ ವ್ಯಾಪಾರ ಜೋರಾಗಿದೆ ಅನಿಸುತ್ತದೆ. ಸರಕು ಸಾಗಣೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ ಎಂದು ಪೇಪರಿನಲ್ಲೂ ಬರುತ್ತದೆ. ಆದರೆ ಲಾರಿ ಇಟ್ಟುಕೊಂಡವರನ್ನು ಮಾತಾಡಿಸಿದರೆ ‘ಲೋಡೇ ಇಲ್ಲ ಸ್ವಾಮಿ’ ಅಂತಾರೆ. ಯಾರ ಮಾತು ನಂಬಬೇಕು? ನನ್ನ ತಮ್ಮ ಹತ್ತು ಚಕ್ರದ ಲಾರಿ ಕೊಳ್ಳುವ ಯೋಚನೆಯಲ್ಲಿದ್ದಾನೆ. ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ: ಇಬ್ಬರ ಮಾತೂ ನಂಬಬಹುದು. ಸರಕು ಹೆಚ್ಚಿದೆ. ಆದರೆ ಅದನ್ನು ಹೊರಲು ಅಷ್ಟೇ ಪ್ರಮಾಣದಲ್ಲಿ ಲಾರಿ ಬೇಕಾಗಿಲ್ಲ. ನಿಮ್ಮ ತಮ್ಮ ಮುಂಗಡ ಕೊಡುವ ಮೊದಲು ತಿಳಿದುಕೊಳ್ಳಬೇಕಾದ ಮುಖ್ಯ ಸಂಗತಿ ಇದೇ.

ಮಾರಾಟದ ಲೆಕ್ಕ ನೋಡಿ. 2018-19ರಲ್ಲಿ ದೇಶದಲ್ಲಿ ಸುಮಾರು 3.9 ಲಕ್ಷ ಮಧ್ಯಮ ಮತ್ತು ಭಾರಿ ವಾಣಿಜ್ಯ ವಾಹನಗಳು ಮಾರಾಟವಾದವು. ಇದರಲ್ಲಿ ಬಸ್ಸುಗಳೂ ಸೇರಿವೆ, ದೊಡ್ಡ ಪಾಲು ಲಾರಿಗಳದ್ದು. ಮರುವರ್ಷ ಅದು 2.25 ಲಕ್ಷಕ್ಕೆ ಕುಸಿಯಿತು. ಕೋವಿಡ್ ವರ್ಷದಲ್ಲಿ 1.6 ಲಕ್ಷ. ಆಮೇಲೆ ನಿಧಾನಕ್ಕೆ ಏರಿ 2023-24 ಮತ್ತು 2024-25ರಲ್ಲಿ 3.7 ಲಕ್ಷದ ಆಸುಪಾಸಿಗೆ ಬಂದು ನಿಂತಿತು. ಆರು ವರ್ಷ ಕಳೆದರೂ ಹಳೆಯ ಗರಿಷ್ಠ ಸಂಖ್ಯೆ ದಾಟಿರಲಿಲ್ಲ. ಇದೇ ಆರು ವರ್ಷದಲ್ಲಿ ದೇಶದ ಉಕ್ಕಿನ ಉತ್ಪಾದನೆ 11 ಕೋಟಿ ಟನ್ನಿನಿಂದ 15 ಕೋಟಿ ಟನ್ ದಾಟಿತು. ಸಿಮೆಂಟೂ ಅದೇ ದಾರಿ ಹಿಡಿದಿದೆ. ಆನ್‌ಲೈನ್ ಪಾರ್ಸೆಲ್ಲಿನ ಕತೆಯಂತೂ ಹೇಳುವುದೇ ಬೇಡ. ಮಾಲು ಇಷ್ಟು ಹೆಚ್ಚಿದರೂ ಹೊಸ ಲಾರಿಗಳ ಸಂಖ್ಯೆ ಯಾಕೆ ಹೆಚ್ಚಲಿಲ್ಲ?

ದೊಡ್ಡ ಕಾರಣ 2018ರ ಜುಲೈನಲ್ಲಿ ಬಂದ ಒಂದು ಅಧಿಸೂಚನೆ. ಲಾರಿಗಳು ಕಾನೂನು ಪ್ರಕಾರ ಹೊರಬಹುದಾದ ತೂಕವನ್ನು ಕೇಂದ್ರ ಸರ್ಕಾರ ಅದರಲ್ಲಿ ಏರಿಸಿತು. ಹಿಂಬದಿಯ ಒಂದು ಆಕ್ಸಲ್, ಅಂದರೆ ಚಕ್ರಗಳನ್ನು ಜೋಡಿಸುವ ಅಚ್ಚಿನ ಮೇಲೆ 10.2 ಟನ್ ಇದ್ದ ಮಿತಿ 11.5 ಟನ್ ಆಯಿತು. ಹತ್ತು ಚಕ್ರದ ಲಾರಿಯ ಒಟ್ಟು ತೂಕ, ಅಂದರೆ ಗಾಡಿ ಮತ್ತು ಮಾಲು ಸೇರಿ, 25 ಟನ್ನಿನಿಂದ 28.5 ಟನ್ನಿಗೆ ಏರಿತು. ದೊಡ್ಡ ಟ್ರೇಲರುಗಳಿಗೆ 49 ಇದ್ದದ್ದು 55 ಆಯಿತು.

ಕಾಗದದ ಮೇಲೆ ಇದು ಸಣ್ಣ ಬದಲಾವಣೆ ಅನಿಸಬಹುದು. ಸೇಡಂ ಅಥವಾ ವಾಡಿಯ ಸಿಮೆಂಟ್ ಕಾರ್ಖಾನೆ ಗೇಟಿಗೆ ಇದನ್ನು ತಂದು ನೋಡೋಣ. ಹತ್ತು ಚಕ್ರದ ಲಾರಿಯಲ್ಲಿ ಮೊದಲು ಸುಮಾರು 16 ಟನ್ ಮಾಲು ಹಾಕುತ್ತಿದ್ದರು, ಈಗ ಸುಮಾರು 19 ಟನ್. ದಿನಕ್ಕೆ 304 ಟನ್ ಸಿಮೆಂಟ್ ಹೊರಡಬೇಕು ಅಂದುಕೊಳ್ಳಿ. 50 ಕಿಲೋ ಚೀಲದಲ್ಲಿ 6,080 ಚೀಲ. ಮೊದಲು ಇದಕ್ಕೆ 19 ಲಾರಿ ಬೇಕಿತ್ತು. ಈಗ 16 ಸಾಕು. ಒಂದು ಚೀಲವೂ ಕಡಿಮೆಯಾಗಿಲ್ಲ, ಆದರೆ ಮೂರು ಲಾರಿಗಳಿಗೆ ಅವತ್ತು ಕೆಲಸವಿಲ್ಲ. ‘ಲೋಡೇ ಇಲ್ಲ’ ಅಂದವರು ಆ ಮೂರರಲ್ಲಿ ಒಬ್ಬರು ಇರಬಹುದು.

ಇಲ್ಲಿ ಒಂದು ಮಾತು ಹೇಳಲೇಬೇಕು. 2018ಕ್ಕಿಂತ ಮುಂಚೆ ಎಲ್ಲರೂ 16 ಟನ್ನೇ ಹಾಕುತ್ತಿದ್ದರು ಅಂದರೆ ಯಾರೂ ನಂಬುವುದಿಲ್ಲ. ಓವರ್‌ಲೋಡ್ ಆಗ ಮಾಮೂಲಿ ಸಂಗತಿ. ದಂಡ ಕಟ್ಟಿಸಿಕೊಂಡು ಅದೇ ಹೆಚ್ಚುವರಿ ಭಾರದೊಂದಿಗೆ ಲಾರಿಯನ್ನು ಮುಂದೆ ಬಿಡುವುದು ತಪ್ಪು ಎಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿತ್ತು. ಬಳ್ಳಾರಿ, ಸಂಡೂರು ಕಡೆಯಿಂದ ಬೇಲೇಕೇರಿ ಬಂದರಿಗೆ ಅದಿರು ಹೊತ್ತ ಲಾರಿಗಳು ಓಡಿದ ಕಾಲದಲ್ಲಿ ಹೊಸಪೇಟೆ, ಅಂಕೋಲಾ ರಸ್ತೆಗಳು ಏನಾದವು ಎಂದು ಆ ಕಡೆಯವರಿಗೆ ಗೊತ್ತು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಬಂದ ಮೇಲೆ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ 2,000. ಹೀಗಾಗಿ 2018ರ ನಿಯಮ ಹೊಸದಾಗಿ ಭಾರ ಹೊರಿಸಿದ್ದಕ್ಕಿಂತ, ಕದ್ದು ಹೊರುತ್ತಿದ್ದ ಭಾರದ ಒಂದು ಪಾಲನ್ನು ಸಕ್ರಮ ಮಾಡಿತು ಅನ್ನುವುದು ನನ್ನ ಅಭಿಪ್ರಾಯ. ಪ್ರಾಮಾಣಿಕವಾಗಿ ಓಡಿಸುತ್ತಿದ್ದವರಿಗೆ ಅನುಕೂಲವೇ ಆಯಿತು. ಆದರೆ ಎಲ್ಲರ ಲಾರಿಯಲ್ಲೂ ಜಾಗ ಹೆಚ್ಚಾದಾಗ ಟನ್ನಿನ ಬಾಡಿಗೆ ಇಳಿಯದೆ ಇರುತ್ತದೆಯೇ?

2019-20ರ ಕುಸಿತಕ್ಕೆ ಇದೊಂದೇ ಕಾರಣವಲ್ಲ. ಅದೇ ಹೊತ್ತಿಗೆ ಫೈನಾನ್ಸ್ ಕಂಪನಿಗಳು ಸಾಲ ಬಿಗಿ ಮಾಡಿದವು, ಆರ್ಥಿಕತೆಯೂ ಮಂಕಾಗಿತ್ತು. 2020ರ ಏಪ್ರಿಲ್‌ನಿಂದ ಹೊಗೆ ಕಡಿಮೆ ಮಾಡುವ ಹೊಸ ನಿಯಮದ ಬಿಎಸ್-6 ಎಂಜಿನ್ ಬಂದು ಗಾಡಿಯ ಬೆಲೆ ಏರಿತು.

ಎರಡನೆಯ ಕಾರಣ, ಅದೇ ಲಾರಿ ಈಗ ತಿಂಗಳಲ್ಲಿ ಜಾಸ್ತಿ ಓಡುತ್ತದೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಕೆಲವೇ ದಿನಗಳಲ್ಲಿ 22 ರಾಜ್ಯಗಳು ಗಡಿಯ ತೆರಿಗೆ ಚೆಕ್‌ಪೋಸ್ಟ್ ಮುಚ್ಚಿದವು. 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್, ಅಂದರೆ ಮಾಲಿನ ವಿವರ ಆನ್‌ಲೈನ್‌ನಲ್ಲಿ ದಾಖಲಿಸಿ ಪಡೆಯುವ ಚೀಟಿ, ಕಡ್ಡಾಯವಾಯಿತು. ರಾಜ್ಯದ ಒಳಗಿನ ಸಾಗಣೆಗೂ ಅದೇ ದಿನದಿಂದ ಇದನ್ನು ಜಾರಿ ಮಾಡಿದ ಮೊದಲ ರಾಜ್ಯ ನಮ್ಮ ಕರ್ನಾಟಕ. ಜಿಎಸ್‌ಟಿಗೂ ಮುಂಚೆ ‘ಇ-ಸುಗಮ’ ಎಂಬ ಇಂಥದ್ದೇ ಆನ್‌ಲೈನ್ ಚೀಟಿ ಬಳಸಿದ್ದ ನಮ್ಮ ವರ್ತಕರಿಗೆ ಇದು ಹೊಸದೇನೂ ಆಗಿರಲಿಲ್ಲ. 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಯಿತು. ಗಡಿಯಲ್ಲಿ ಕಾಗದ ಹಿಡಿದು ಕಿಟಕಿಯಿಂದ ಕಿಟಕಿಗೆ ಅಲೆಯುತ್ತಿದ್ದ ಕ್ಲೀನರ್‌ನ ಕೆಲಸ ಬಹುಪಾಲು ಹೋಯಿತು. ಈಗ ಎಷ್ಟೋ ಲಾರಿಗಳಲ್ಲಿ ಕ್ಲೀನರ್ರೇ ಇಲ್ಲ, ಡ್ರೈವರ್ ಒಬ್ಬನೇ. ಅದರಿಂದ ಉಳಿದ ಬತ್ತ (ದಿನದ ಖರ್ಚಿಗೆ ಕೊಡುವ ದುಡ್ಡು) ಮಾಲೀಕನಿಗೆ ಲಾಭ. ರಾತ್ರಿ ಪಂಕ್ಚರ್ ಆದಾಗ ಸ್ಟೆಪ್ನಿ ಇಳಿಸುವವನು ಮಾತ್ರ ಒಬ್ಬನೇ.

ತೂಕ, ಟ್ರಿಪ್ಪು ಎರಡನ್ನೂ ಸೇರಿಸಿ ನೋಡಿ. ತಿಂಗಳಿಗೆ 6 ಟ್ರಿಪ್ ಹೊಡೆಯುತ್ತಿದ್ದ ಲಾರಿ 7 ಹೊಡೆಯಿತು ಅಂತಿಟ್ಟುಕೊಳ್ಳಿ. ಮೊದಲು 16 ಟನ್ನಿನಂತೆ 96 ಟನ್. ಈಗ 19 ಟನ್ನಿನಂತೆ 133 ಟನ್. ಒಂದೇ ಲಾರಿ ಸುಮಾರು ಶೇ 39ರಷ್ಟು ಹೆಚ್ಚು ಮಾಲು ಸಾಗಿಸಿತು. ಇದು ವಿಷಯ ತಿಳಿಯಲಿ ಎಂದು ಹಾಕಿದ ಲೆಕ್ಕ, ಸಮೀಕ್ಷೆಯದ್ದಲ್ಲ. ಆದರೆ ಲಾರಿ ಸಂಖ್ಯೆ ನಿಂತಲ್ಲೇ ನಿಂತರೂ ಸರಕು ಏರುವುದು ಹೀಗೆ.

ಮೂರನೆಯದು ಗೋಡೌನಿನ ಕತೆ. ಜಿಎಸ್‌ಟಿಗೆ ಮುಂಚೆ ಕಂಪನಿಗಳು ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರಿದರೆ ಕೇಂದ್ರ ಮಾರಾಟ ತೆರಿಗೆ ಕಟ್ಟಬೇಕಿತ್ತು. ಅದನ್ನು ತಪ್ಪಿಸಲು ರಾಜ್ಯಕ್ಕೊಂದು ಗೋಡೌನ್ ಇಟ್ಟುಕೊಳ್ಳುತ್ತಿದ್ದವು. ಆ ತೆರಿಗೆ ಹೋದ ಮೇಲೆ ಸಣ್ಣ ಗೋಡೌನುಗಳನ್ನು ಮುಚ್ಚಿ ಎರಡು-ಮೂರು ರಾಜ್ಯಕ್ಕೆ ಒಂದು ದೊಡ್ಡದನ್ನು ಕಟ್ಟತೊಡಗಿದವು. ನೆಲಮಂಗಲ, ಹೊಸಕೋಟೆ ಕಡೆ ಹೋದರೆ ಹೊಲಗಳ ನಡುವೆ ಎದ್ದಿರುವ ನೀಲಿ-ಬಿಳಿ ಶೀಟಿನ ಶೆಡ್ಡುಗಳು ಕಾಣುತ್ತವೆ. ಅಲ್ಲಿಗೆ ಮಾಲು ತರುವುದು ದೊಡ್ಡ ಕಂಟೇನರ್ ಲಾರಿ, ಟ್ರೇಲರ್. ಅಲ್ಲಿಂದ ಅಂಗಡಿಗೆ ಒಯ್ಯುವುದು 2005ರಲ್ಲಿ ಟಾಟಾ ಏಸ್ ಹುಟ್ಟುಹಾಕಿದ ಜಾತಿಯ ಸಣ್ಣ ಗಾಡಿಗಳು. ನಡುವಿನ ಅಳತೆಯ ಲಾರಿಗೆ ಎರಡೂ ಕಡೆಯಿಂದ ಏಟು. ಎಂಬತ್ತು-ತೊಂಬತ್ತರ ದಶಕದಲ್ಲಿ ಲಾರಿ ಅಂದರೆ ಆರು ಚಕ್ರದ್ದೇ ಆಗಿತ್ತು. ಆಮೇಲೆ ಹತ್ತು ಚಕ್ರ ಬಂತು, ಹನ್ನೆರಡು, ಹದಿನಾಲ್ಕು, ಹದಿನಾರು ಬಂತು. ಖಾಲಿ ಹೋಗುತ್ತಿರುವ ಇಂಥ ಲಾರಿಯನ್ನು ಪಕ್ಕದಿಂದ ನೋಡಿ. ಒಂದು ಜೊತೆ ಚಕ್ರ ರಸ್ತೆ ಮುಟ್ಟದೆ ಗೇಣುದ್ದ ಮೇಲೆ ಸುಮ್ನೆ ನೇತಾಡುತ್ತಿರುತ್ತದೆ. ಅದೇ ಲಿಫ್ಟ್ ಆಕ್ಸಲ್. ಲೋಡ್ ಬಿದ್ದಾಗ ಇಳಿಸುತ್ತಾರೆ, ಖಾಲಿಯಾದಾಗ ಎತ್ತುತ್ತಾರೆ. ಟೈರೂ ಉಳಿಯುತ್ತದೆ, ಡೀಸೆಲ್ಲೂ ಅಷ್ಟಿಷ್ಟು ಉಳಿಯುತ್ತದೆ.

ಈಗ ಪೇಪರಿನ ಅಂಕಿ ಓದುವ ಬಗೆ. ‘ಇಷ್ಟು ಟನ್ ಸಾಗಿತು’ ಎನ್ನುವುದಕ್ಕೂ ‘ಇಷ್ಟು ಟನ್-ಕಿಲೋಮೀಟರ್ ಸಾಗಿತು’ ಎನ್ನುವುದಕ್ಕೂ ಬಹಳ ಅಂತರವಿದೆ. ತೂಕವನ್ನು ಸಾಗಿದ ದೂರದಿಂದ ಗುಣಿಸಿದರೆ ಟನ್-ಕಿಲೋಮೀಟರ್. ಕ್ರಷರಿನಿಂದ 19 ಟನ್ ಜಲ್ಲಿ ತುಂಬಿಕೊಂಡು 40 ಕಿ.ಮೀ. ದೂರದ ಬೆಂಗಳೂರಿನ ಸೈಟಿಗೆ ಹಾಕಿದ ಟಿಪ್ಪರಿನದು 760 ಟನ್-ಕಿ.ಮೀ. ಗುಜರಾತಿನ ಮೋರ್ಬಿಯಿಂದ ಅಷ್ಟೇ ತೂಕದ ಟೈಲ್ಸ್ ತಂದ ಲಾರಿಯದು ಸುಮಾರು 1,600 ಕಿ.ಮೀ. ಓಟ, ಅಂದರೆ 30,000 ಟನ್-ಕಿ.ಮೀ. ಮೇಲೆ. ಟನ್ನಿನ ಲೆಕ್ಕದಲ್ಲಿ ಎರಡೂ ಸಮ. ಕೆಲಸದ ಲೆಕ್ಕದಲ್ಲಿ ಒಂದಕ್ಕೆ ನಲವತ್ತು ಪಾಲು. ಊರಲ್ಲಿ ಮನೆ, ರಸ್ತೆ ಕೆಲಸ ಜೋರಾದರೆ ಟನ್ ಏರುತ್ತದೆ, ದೂರದ ಓಟದ ಲಾರಿಗೆ ಅದರಿಂದ ಏನೂ ಸಿಗುವುದಿಲ್ಲ.

ಬ್ರಿಟನ್ನಿನಲ್ಲಿ ಸರ್ಕಾರ ಲಾರಿ ಮಾಲೀಕರಿಂದ ಒಂದು ವಾರದ ಓಟದ ವಿವರ ಬರೆಸಿಕೊಂಡು ವರ್ಷವಿಡೀ ಸಮೀಕ್ಷೆ ನಡೆಸುತ್ತದೆ. ನಮ್ಮಲ್ಲಿ ಅಂಥ ನಿರಂತರ ಸಮೀಕ್ಷೆ ಇಲ್ಲ, ರಸ್ತೆ ಸಾಗಣೆಯ ಅಂಕಿಗಳು ಬಹುಪಾಲು ಅಂದಾಜು. ಇತ್ತೀಚೆಗೆ ಎಲ್ಲರೂ ಇ-ವೇ ಬಿಲ್ ಸಂಖ್ಯೆ ನೋಡುತ್ತಾರೆ. 2025ರ ಮಾರ್ಚ್ ಒಂದೇ ತಿಂಗಳಲ್ಲಿ ಅದು 12 ಕೋಟಿ ದಾಟಿತು. ಆದರೆ ಒಂದು ಪಾರ್ಸೆಲ್ ಲಾರಿಯಲ್ಲಿ ಹತ್ತಾರು ಬಿಲ್ ಇರುತ್ತವೆ. ಮಾರುಕಟ್ಟೆಗೆ ಹೋಗುವ ಟೊಮೆಟೊ ಲಾರಿಗೆ ಬಿಲ್ಲೇ ಬೇಕಿಲ್ಲ. ಬಿಲ್ ಹೆಚ್ಚಿದೆ ಅಂದರೆ ವ್ಯಾಪಾರ ಹೆಚ್ಚಿದೆ ಎನ್ನಬಹುದು, ಲಾರಿಗೆ ಬಾಡಿಗೆ ಹೆಚ್ಚಿದೆ ಎನ್ನಲಾಗದು.

ರೈಲು ಲೋಡ್ ಕಿತ್ತುಕೊಳ್ಳುತ್ತಿದೆಯಾ ಎಂದೂ ಕೆಲವರು ಕೇಳುತ್ತಾರೆ. 1950-51ರಲ್ಲಿ ದೇಶದ ಸರಕಿನಲ್ಲಿ ಶೇ 85ಕ್ಕೂ ಹೆಚ್ಚು ರೈಲಿನದ್ದಾಗಿತ್ತು. ಈಗ ಅದು ಮೂರನೇ ಒಂದು ಭಾಗಕ್ಕಿಂತ ಕಡಿಮೆ, ರಸ್ತೆಯದ್ದೇ ಸಿಂಹಪಾಲು. ಸರಕು ರೈಲಿಗೆಂದೇ ಪ್ರತ್ಯೇಕ ಹಳಿ ಬಂದಿರುವುದು ಹೆಚ್ಚಾಗಿ ಉತ್ತರ ಮತ್ತು ಪಶ್ಚಿಮ ಭಾರತದಲ್ಲಿ. ನಮ್ಮ ಕಡೆ ಲಾರಿಯಿಂದ ಮಾಲು ಕೈಬಿಟ್ಟು ಹೋದ ಉದಾಹರಣೆಗಳು ಬೇರೆ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ 2003ರಲ್ಲಿ ಪೆಟ್ರೋಲ್-ಡೀಸೆಲ್ ಪೈಪ್‌ಲೈನ್ ಬಂತು. ಶಿರಾಡಿ ಘಾಟಿ ಹತ್ತುತ್ತಿದ್ದ ಟ್ಯಾಂಕರುಗಳ ಕೆಲಸ ಅಷ್ಟರಮಟ್ಟಿಗೆ ನೆಲದೊಳಗೆ ಹೋಯಿತು. ಸಂಡೂರಿನ ಗಣಿಯಿಂದ ಅದಿರು ಈಗ ಕನ್ವೇಯರ್ ಬೆಲ್ಟಿನ ಮೇಲೂ ತೋರಣಗಲ್ಲಿನ ಕಾರ್ಖಾನೆಗೆ ಹೋಗುತ್ತದೆ. ಲಾರಿಯನ್ನೇ ರೈಲಿಗೆ ಹತ್ತಿಸುವ ಕೊಂಕಣ ರೈಲ್ವೆಯ ರೋ-ರೋ 1999ರಿಂದ ಇದೆ. ಸುರತ್ಕಲ್‌ನಲ್ಲಿ ಹತ್ತಿದರೆ ಡ್ರೈವರ್ ತನ್ನ ಕ್ಯಾಬಿನ್‌ನಲ್ಲೇ ಮಲಗಿ ಮಹಾರಾಷ್ಟ್ರದ ಕೊಲಾಡ್ ತಲುಪಬಹುದು. ಒಳ್ಳೆಯ ಏರ್ಪಾಡು, ಆದರೆ ಅದರಿಂದ ಲೋಡ್ ಕಡಿಮೆಯಾಗುವುದಿಲ್ಲ, ಡೀಸೆಲ್ ಉಳಿಯುತ್ತದೆ ಅಷ್ಟೇ.

ಇನ್ನು ಲೋಡ್ ಯಾರ ಕೈಗೆ ಸಿಗುತ್ತದೆ? ನಮ್ಮ ದೇಶದ ಲಾರಿ ಮಾಲೀಕರಲ್ಲಿ ಬಹುತೇಕರು ಐದು ಅಥವಾ ಅದಕ್ಕೂ ಕಡಿಮೆ ಗಾಡಿ ಇಟ್ಟುಕೊಂಡವರು. ದೊಡ್ಡ ಕಾರ್ಖಾನೆ ವರ್ಷದ ಕಾಂಟ್ರಾಕ್ಟ್ ಕೊಡುವುದು ನೂರಾರು ಲಾರಿ ಇರುವ ಕಂಪನಿಗೆ. ಆ ಕಂಪನಿ ಮೊದಲು ತನ್ನ ಗಾಡಿ ತುಂಬಿಸುತ್ತದೆ. ಮಿಕ್ಕಿದ್ದು ಬ್ರೋಕರಿಗೆ ಬರುತ್ತದೆ, ಅವನಿಂದ ಒಂದು ಲಾರಿ ಇರುವವನಿಗೆ. ಸರಕು ಶೇ 10 ಇಳಿದರೆ ದೊಡ್ಡವರಿಗೆ ಗೊತ್ತೇ ಆಗುವುದಿಲ್ಲ. ಸಣ್ಣವರಿಗೆ ವಾರಗಟ್ಟಲೆ ಯಾರ್ಡಿನಲ್ಲಿ ಟಾರ್ಪಾಲು ಮಡಚಿಟ್ಟು ಕೂರುವ ಪರಿಸ್ಥಿತಿ. ಮೆಕ್ಕೆಜೋಳ ಬರುವ ಕಾಲಕ್ಕೆ ದಾವಣಗೆರೆ, ಹಾವೇರಿ ಕಡೆ ಲಾರಿ ಹುಡುಕಿದರೂ ಸಿಗುವುದಿಲ್ಲ. ಅದೇ ಲಾರಿಗಳು ಮಳೆಗಾಲದಲ್ಲಿ ಸಾಲಾಗಿ ನಿಂತಿರುತ್ತವೆ.

ಖರ್ಚಿನ ಕಡೆ ಡೀಸೆಲ್ಲೇ ಯಜಮಾನ. ಲೀಟರಿಗೆ 4 ಕಿ.ಮೀ. ಕೊಡುವ ಲಾರಿ 500 ಕಿ.ಮೀ. ಹೋಗಲು 125 ಲೀಟರ್ ಬೇಕು. ಲೀಟರಿಗೆ 91 ರೂಪಾಯಿ ಹಿಡಿದರೂ 11,375 ರೂಪಾಯಿ. ಟೋಲು, ಬತ್ತ, ಹಮಾಲಿ, ಟೈರು ಬೇರೆ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ತೆರಿಗೆ ಏರಿಸಿ ಲೀಟರಿಗೆ 2 ರೂಪಾಯಿ ಹೆಚ್ಚಾದಾಗ ಲಾರಿ ಮಾಲೀಕರು ಮುಷ್ಕರ ಹೂಡಿದ್ದು ನೆನಪಿರಬಹುದು. ಎರಡು ರೂಪಾಯಿಗೆ ಇಷ್ಟು ಗಲಾಟೆಯಾ ಎಂದು ಆಗ ಕೆಲವರು ಕೇಳಿದರು. ಮೇಲಿನ ಟ್ರಿಪ್ಪಿನಲ್ಲಿ ಅದು 250 ರೂಪಾಯಿ. ವಾಪಸ್ ಬರುವಾಗಲೂ ಸೇರಿಸಿದರೆ 500. ಬಾಡಿಗೆ ಏರದೆ ಅದನ್ನು ಎಲ್ಲಿಂದ ತರುವುದು?

ವಾಪಸ್ ಬರುವ ವಿಷಯವೇ ನಿಮ್ಮ ತಮ್ಮನಿಗೆ ಮುಖ್ಯ. ಬ್ರಿಟನ್ನಿನಂಥ ವ್ಯವಸ್ಥಿತ ದೇಶದಲ್ಲೂ ಲಾರಿಗಳು ಓಡುವ ದೂರದಲ್ಲಿ ಶೇ 30ರ ಆಸುಪಾಸು ಖಾಲಿ ಓಟ. ನಮ್ಮಲ್ಲಿ ಇದಕ್ಕಿಂತ ಹೆಚ್ಚೇ ಇರಬಹುದು. ಮೊಬೈಲಿನಲ್ಲಿ ಲೋಡ್ ಹುಡುಕುವ ಆ್ಯಪ್‌ಗಳು ಬಂದಿವೆ. ಪ್ರಯೋಜನವಿದೆ, ಆದರೆ ಅದೇ ಲೋಡನ್ನು ಇನ್ನೂ ಹತ್ತು ಜನ ನೋಡುತ್ತಿರುತ್ತಾರೆ. ರಿಟರ್ನ್ ಲೋಡಿಗೆ ಅರ್ಧ ಬಾಡಿಗೆಗೂ ಒಪ್ಪುವವರು ಇರುವುದರಿಂದ ಆ ಕಡೆಯ ರೇಟು ಏಳುವುದೇ ಇಲ್ಲ.

ಹಾಗಾದರೆ ಕೊಳ್ಳಬೇಡ ಅನ್ನಲೇ? ಹಾಗೇನಿಲ್ಲ. 2025ರ ಸೆಪ್ಟೆಂಬರ್ 22ರಿಂದ ಲಾರಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಗಾಡಿ ಕೊಳ್ಳುವವರಿಗೆ ಇದು ಒಳ್ಳೆಯ ಸುದ್ದಿಯೇ. ಆದರೆ ಇಳಿದದ್ದು ಎಲ್ಲರಿಗೂ. ನಾಳೆ ಯಾರ್ಡಿನಲ್ಲಿ ಪಕ್ಕಕ್ಕೆ ಬಂದು ನಿಲ್ಲುವ ಲಾರಿಯೂ ಅದೇ ರೇಟಿಗೆ ಬಂದಿರುತ್ತದೆ.

ಷೋರೂಮಿಗೆ ಹೋಗುವ ಮೊದಲು ಅವನು ಎರಡು-ಮೂರು ಟ್ರಾನ್ಸ್‌ಪೋರ್ಟ್ ಆಫೀಸಿಗೆ ಹೋಗಿ ಬರಲಿ. ಯಾವ ರೂಟಿನಲ್ಲಿ ಎರಡೂ ಕಡೆ ಲೋಡ್ ಇದೆ, ಹತ್ತು ಚಕ್ರದ್ದನ್ನು ಕೇಳುತ್ತಾರೋ ಹದಿನಾರು ಚಕ್ರದ್ದನ್ನೋ, ಅನ್‌ಲೋಡ್ ತಡವಾದರೆ ಹಾಲ್ಟಿಂಗ್ (ಕಾದು ನಿಂತದ್ದಕ್ಕೆ ದುಡ್ಡು) ಕೊಡುತ್ತಾರಾ ಎಂದು ವಿಚಾರಿಸಲಿ. ಅಡ್ವಾನ್ಸ್ ಎಷ್ಟು ಕೊಡುತ್ತಾರೆ, ಬ್ಯಾಲೆನ್ಸ್ ಬಾಡಿಗೆ ಎಷ್ಟು ದಿನಕ್ಕೆ ಕೈಗೆ ಬರುತ್ತದೆ ಎಂದು ಕೇಳುವುದನ್ನಂತೂ ಬಿಡಬಾರದು. ಕಂತು ಪ್ರತಿ ತಿಂಗಳೂ ಒಂದೇ ತಾರೀಖಿಗೆ ಬರುತ್ತದೆ. ಬ್ಯಾಲೆನ್ಸ್ ಎರಡು ತಿಂಗಳು ಬಿಟ್ಟು ಬರುವುದಾದರೆ, ಆ ಎರಡು ತಿಂಗಳ ಡೀಸೆಲ್ಲಿಗೂ ಕಂತಿಗೂ ಬೇಕಾದ ದುಡ್ಡು ಕೈಯಲ್ಲಿ ಇಟ್ಟುಕೊಂಡೇ ಇಳಿಯಬೇಕು.